ಬೇಲಿ ಹಿಡಿದ ಕೈ

ಗೊರೂರು ದಾಟಿದ ಮೇಲೆ ಬಸ್ಸಿನ ಡ್ರೈವರು ಬಲಕ್ಕೆ ತಿರುಗುವ ದೀಪ ಹಾಕಿದವನು ಅದನ್ನು ಆರಿಸಲು ಮರೆತುಬಿಟ್ಟ. ಟಕ್ ಟಕ್ ಎಂದು ಅದು ಬಡಿದುಕೊಳ್ಳುತ್ತಲೇ ಇತ್ತು. ಅವನ ಹಿಂದಿನ ಸೀಟಿನಲ್ಲಿ ಕೂತಿದ್ದ ಭಾನುಪ್ರಿಯಾಳನ್ನು ಬಿಟ್ಟರೆ ಬಸ್ಸಿನಲ್ಲಿ ಬೇರೆ ಯಾರಿಗೂ ಅದು ಕೇಳಿಸುತ್ತಿರುವಂತೆ ಕಾಣಲಿಲ್ಲ. ಹೇಳೋಣವೆಂದು ಬಾಯಿ ತೆರೆದಳು. ಅಣ್ಣಾ ಎನ್ನಬೇಕೋ ಡ್ರೈವರೇ ಎನ್ನಬೇಕೋ ತಿಳಿಯದೆ ಮುಚ್ಚಿಕೊಂಡಳು. ಬಡಿತ ಒಂದೇ ಸಮನಾಗಿಯೂ ಇರಲಿಲ್ಲ. ಏರು ಹತ್ತುವಾಗ ಎಳೆಯುತ್ತಿತ್ತು, ಇಳಿಜಾರಿನಲ್ಲಿ ಮುಗ್ಗರಿಸುತ್ತಿತ್ತು. ನಾನು ಬರೆದದ್ದು ಹೀಗಲ್ಲ, ಬಿಸಿಲಿರಲಿ ಚಳಿಯಿರಲಿ ಕೂದಲೆಳೆಯಷ್ಟೂ ಅತ್ತಿತ್ತ ಆಗುವುದಿಲ್ಲ ಎಂದು ಅಭ್ಯಾಸಬಲದಿಂದ ಅಂದುಕೊಂಡಳು. ಅಂದುಕೊಂಡ ಮರುಕ್ಷಣ, ಎಲ್ಲಿಗೆ ಹೋಗುತ್ತಿದ್ದೇನೆ ಎನ್ನುವುದು ನೆನಪಾಗಿ ಕಿಟಕಿಯತ್ತ ಮುಖ ತಿರುಗಿಸಿದಳು.

ಅವಳು ಬರೆದದ್ದು ಬೇಲಿಯ ಬಡಿತ. ಹಾಸನದ ಇಂಡಸ್ಟ್ರಿಯಲ್ ಏರಿಯಾದಲ್ಲಿ ಗಿರಿಧರ ಒಂದು ಸಣ್ಣ ಶೆಡ್ಡಿನಲ್ಲಿ ಆನೆ ಬೇಲಿಗೆ ಕರೆಂಟು ಕೊಡುವ ಪೆಟ್ಟಿಗೆಗಳನ್ನು ಮಾಡಿಸುತ್ತಿದ್ದರು. ಬೇಲಿಯ ತಂತಿಯಲ್ಲಿ ಕರೆಂಟು ಸದಾ ಹರಿಯುವುದಿಲ್ಲ. ಒಂದು ಬಡಿತ, ಆಮೇಲೆ ಬಿಡುವು, ಮತ್ತೊಂದು ಬಡಿತ. ಆನೆಯನ್ನು ಹೆದರಿಸುವುದು ಬಡಿತ. ಮುಟ್ಟಿದವರನ್ನು ಉಳಿಸುವುದು ಬಿಡುವು, ಆ ಬಿಡುವಿನಲ್ಲಿ ಕೈ ಕಿತ್ತುಕೊಳ್ಳಬಹುದು. ಹಾಗೆಂದು ಕೆಲಸಕ್ಕೆ ಸೇರಿದ ದಿನ ಗಿರಿಧರ ಹೇಳಿಕೊಟ್ಟಿದ್ದರು. ಪೆಟ್ಟಿಗೆಯೊಳಗಿನ ಎಲೆಕ್ಟ್ರಾನಿಕ್ ಚಿಪ್ಪಿನಲ್ಲಿ ಎರಡು ಜೀವಗಳಿದ್ದಂತೆ ಅವಳಿಗೆ ಅನ್ನಿಸುತ್ತಿತ್ತು. ಒಂದು, ಅವಳು ಬರೆದ ಸಾಲುಗಳನ್ನು ಓದಿಕೊಂಡು ಯೋಚಿಸುವುದು. ಇನ್ನೊಂದು ಟೈಮರು, ಅದಕ್ಕೆ ಯೋಚನೆಯಿಲ್ಲ, ಎಣಿಸುವುದೊಂದೇ ಕೆಲಸ. ಎಣಿಕೆ ತುಂಬಿತೆಂದರೆ ಯಾರನ್ನೂ ಕೇಳದೆ ತಂತಿಗೆ ಒಂದು ಬಡಿತ ಕೊಟ್ಟು ಮತ್ತೆ ಮೊದಲಿಂದ ಎಣಿಸುತ್ತದೆ. ಯೋಚಿಸುವುದು ಕಾವಲು ಕಾಯಬೇಕು: ಯಾರಾದರೂ ತಂತಿ ಹಿಡಿದುಕೊಂಡೇ ಇದ್ದಾರೆಂದು ತಿಳಿದರೆ ಬಿಡುವನ್ನು ಹಿಗ್ಗಿಸುತ್ತ ಹೋಗಬೇಕು. ಚನ್ನರಾಯಪಟ್ಟಣದಲ್ಲಿ ಕಾಯಿ ಸುಲಿಯುತ್ತಿದ್ದ ದೇವಯ್ಯನ ಮಗಳು, ಟೆಂಟಿನಲ್ಲಿ ಸಿನಿಮಾ ನೋಡಿ ಬಂದ ಅಪ್ಪ ಇಟ್ಟ ನಟಿಯ ಹೆಸರನ್ನು ಹೇಳಿಕೊಳ್ಳಲು ನಾಚುವ ಡಿಪ್ಲೊಮಾ ಹುಡುಗಿ, ಮೊದಲ ಸಲ ಆ ಬಡಿತವನ್ನು ಪರದೆಯ ಮೇಲೆ ಕಂಡಾಗ ಊಟ ಮರೆತು ನಿಂತಿದ್ದಳು. ಹಸಿರು ಗೆರೆ ನೆಟ್ಟಗೆ ಏಳುತ್ತಿತ್ತು, ನೆಟ್ಟಗೆ ಬೀಳುತ್ತಿತ್ತು. ಅಷ್ಟು ನೇರವಾದದ್ದನ್ನು ತನ್ನ ಮನೆಯಲ್ಲಿ ಯಾರೂ ಮಾಡಿರಲಿಲ್ಲ ಎನ್ನಿಸಿತ್ತು.

ಹಿಂದಿನ ದಿನ ಶೆಡ್ಡಿಗೊಂದು ಫೋನು ಬಂದಿತ್ತು, ಪೆಟ್ಟಿಗೆ ಕೊಂಡಿದ್ದ ಪುಟ್ಟಸ್ವಾಮಿಯವರದು. ಅರಕಲಗೂಡಿನಿಂದ ಕೊಣನೂರಿನ ಕಡೆ ಹೋಗುವ ರಸ್ತೆಯಲ್ಲಿ ಅವರ ಶುಂಠಿ ಹೊಲ. ಊರಿನ ಹೊನ್ನಕ್ಕ ಎಂಬ ಮುದುಕಿ ಸೊಪ್ಪು ಕೀಳಲು ಹೋಗಿ ಬೇಲಿ ಹಿಡಿದುಕೊಂಡಿದ್ದಳಂತೆ. ಬದುಕಿದ್ದಾಳಂತೆ, ಆದರೆ ಬಲಗೈ ಮುಷ್ಟಿ ಕಟ್ಟುತ್ತದೆ, ಬಿಚ್ಚುತ್ತದೆ, ನಿಲ್ಲುವುದೇ ಇಲ್ಲವಂತೆ. ಅರಕಲಗೂಡಿನ ಡಾಕ್ಟರು ನರದ ಗುಳಿಗೆ ಕೊಟ್ಟು ಕಳಿಸಿದ್ದಾರೆ. ಊರವರ ಬಾಯಿಗೆ ಹೆದರಿ ಪುಟ್ಟಸ್ವಾಮಿ ಬೇಲಿಯನ್ನು ಪೆಟ್ಟಿಗೆಯಿಂದ ಬಿಡಿಸಿಟ್ಟಿದ್ದಾರೆ, ಆನೆಗಳೋ ಹೊಳೆಯಾಚೆ ಬಂದು ನಿಂತಿವೆ. ಗಿರಿಧರ ಫೋನಿಟ್ಟು, ಹೋಗಿ ನೋಡಿಕೊಂಡು, ಪೆಟ್ಟಿಗೆ ಸರಿಯಿದೆ ಎಂದು ಹೇಳಿ, ಬೇಲಿ ಚಾಲೂ ಮಾಡಿಸಿ ಬಾ ಎಂದಿದ್ದರು. ನೋಡಿಕೊಂಡು ಎಂಬ ಮಾತಿಗೂ ಸರಿಯಿದೆ ಎಂಬ ಮಾತಿಗೂ ನಡುವೆ ಅವರು ಉಸಿರನ್ನೂ ಎಳೆದುಕೊಂಡಿರಲಿಲ್ಲ.

ಎಂಜಿನಿಯರು ಎಂದರೆ ಗಂಡಸು ಬರುತ್ತಾನೆಂದು ಕಾದಿದ್ದ ಪುಟ್ಟಸ್ವಾಮಿ, ಅವಳು ಬಸ್ಸಿಳಿದ ಮೇಲೂ ಅವಳ ಹಿಂದೆ ಇನ್ಯಾರಾದರೂ ಇಳಿದಾರೆಂದು ಬಸ್ಸು ಹೊರಡುವ ತನಕ ನೋಡಿದರು. ಜಗಲಿಯಲ್ಲಿ ಕೂರಿಸಿ ಯಾವ ಊರೆಂದು ಕೇಳಿದರು. ಚನ್ನರಾಯಪಟ್ಟಣದ ಕಡೆ ಎಂದಳು. ತಂದೆಯ ಹೆಸರು ಕೇಳಿದರು. ದೇವಯ್ಯ ಎಂದಳು. ಕೇರಿಯ ಹೆಸರನ್ನೂ ಕೇಳಿ, ಸರಿ ಎಂದು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಅವರಿಗೆ ಸ್ಟೀಲಿನ ಲೋಟದಲ್ಲೂ ಅವಳಿಗೆ ಕಾಗದದ ಲೋಟದಲ್ಲೂ ಕಾಫಿ ಬಂತು. ಕುಡಿಯಬಾರದು ಎಂದುಕೊಂಡಳು, ಬಸ್ಸಿನಲ್ಲಿ ಗಂಟಲು ಒಣಗಿತ್ತು, ಕುಡಿದಳು. ಖಾಲಿ ಲೋಟವನ್ನು ಎಲ್ಲಿ ಹಾಕಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದುಕೊಂಡು ಅವರ ಹಿಂದೆ ಹೊಲಕ್ಕೆ ನಡೆದಳು. ಪಂಪ್‌ಸೆಟ್ಟಿನ ಮನೆ ಮುಟ್ಟುವ ಹೊತ್ತಿಗೆ ಅದು ಬೆವರಿಗೆ ಮೆತ್ತಗಾಗಿ ಅಂಗೈಗೆ ಅಂಟಿಕೊಂಡಿತ್ತು.

ಒಳಗೆ ಕತ್ತಲು. ಗೋಡೆಯ ಮೇಲೆ ಅವಳ ಪೆಟ್ಟಿಗೆ. ಅದರ ಕೆಂಪು ದೀಪ ಮಿನುಗುತ್ತಿತ್ತು. ಪುಟ್ಟಸ್ವಾಮಿ ಬೇಲಿಗೆ ಹೋಗುವ ತಂತಿಯನ್ನಷ್ಟೇ ಕಿತ್ತಿದ್ದರು. ಪೆಟ್ಟಿಗೆ ಅಂದಿನಿಂದ ಯಾರಿಗೂ ಅಲ್ಲದ ಬಡಿತವನ್ನು ಬಡಿಯುತ್ತಲೇ ಇತ್ತು. ಎಷ್ಟು ಚೆಂದ ಬಡಿಯುತ್ತಿದೆ ಎನ್ನಿಸಿತು ಅವಳಿಗೆ, ಮಗುವಿನ ಉಸಿರಿನ ಹಾಗೆ. ಪಕ್ಕದ ಗುಂಡಿ ಒತ್ತಿದರೆ ಯೋಚಿಸುವ ಭಾಗ ಹಸಿರು ದೀಪ ಹಚ್ಚಿ ಇದ್ದೇನೆ ಎನ್ನಬೇಕು. ಒತ್ತಿದಳು. ಹಸಿರು ಹತ್ತಲಿಲ್ಲ. ಬೆರಳನ್ನು ಸೀರೆಗೆ ಒರೆಸಿಕೊಂಡು ಮತ್ತೆ ಒತ್ತಿದಳು. ಕೆಂಪು ಮಾತ್ರ ಏನೂ ಆಗಿಲ್ಲವೆಂಬಂತೆ ಮಿನುಗಿತು. ಯೋಚಿಸುವುದು ಸತ್ತು ಎಷ್ಟು ದಿನವಾಗಿತ್ತೋ. ಎಣಿಸುವುದು ಎಣಿಸುತ್ತಲೇ ಇತ್ತು. ಇದನ್ನು ಅವಳು ಮೊದಲೂ ಕಂಡಿದ್ದಳು. ಶೆಡ್ಡಿನ ಮೇಜಿನ ಮೇಲೆ ಒಂದು ಮಧ್ಯಾಹ್ನ ಹೀಗೇ ಆಗಿತ್ತು, ಹಸಿರು ಗೆರೆ ನೆಟ್ಟಗೆ ಏಳುತ್ತ ಬೀಳುತ್ತ ಇರುವಾಗಲೇ ಕಾವಲು ನಿಂತುಹೋಗಿತ್ತು. ಹೇಳಿದಾಗ ಗಿರಿಧರ ಪರದೆಯತ್ತ ನೋಡಿ, ಬಡಿತ ಬರ್ತಿದೆಯಲ್ಲ ಭಾನು, ಬೇಲಿಗೆ ಇನ್ನೇನು ಬೇಕು ಎಂದಿದ್ದರು. ಕಾವಲು ನಿಂತರೆ ಅದನ್ನು ತಾನಾಗಿ ಎಬ್ಬಿಸುವ ಏರ್ಪಾಡೊಂದು ಚಿಪ್ಪಿನಲ್ಲೇ ಇತ್ತು, ಅದನ್ನು ಹಾಕಲೇಬೇಕೆಂದು ಅವಳು ಹಟ ಹಿಡಿಯಬಹುದಿತ್ತು. ಆದರೆ ಅದೇ ಬೆಳಿಗ್ಗೆ ಅವರು ಗಿರಾಕಿಗಳ ಮುಂದೆ ಇವರು ನಮ್ಮ ಎಂಜಿನಿಯರ್ ಎಂದು ಅವಳನ್ನು ತೋರಿಸಿದ್ದರು. ಆ ಮಾತಿನ ಬಿಸಿ ಇನ್ನೂ ಕಿವಿಯಲ್ಲಿತ್ತು. ಕೆಡಿಸಿಕೊಳ್ಳಲು ಮನಸ್ಸಾಗಿರಲಿಲ್ಲ.

ಈಗ ಒಮ್ಮೆ ಸ್ವಿಚ್ಚು ಆರಿಸಿ ಹಾಕಿದರೆ ಸಾಕು, ಹಸಿರು ಹತ್ತುತ್ತದೆ. ಏನಾಗಿತ್ತೆಂದು ಜಗತ್ತಿನಲ್ಲಿ ಯಾರಿಗೂ ತಿಳಿಯುವುದಿಲ್ಲ. ಬಾಗಿಲಲ್ಲಿ ನಿಂತಿದ್ದ ಪುಟ್ಟಸ್ವಾಮಿ ಕೇಳಿದರು.

"ದೀಪ ಉರೀತಾ ಐತಲ್ಲಮ್ಮ, ಸರಿಯಾಗೈತೆ ತಾನೆ?"

ಅವಳು ಸ್ವಿಚ್ಚಿನ ಹತ್ತಿರ ಒಯ್ದ ಕೈಯನ್ನು ಹಿಂದೆಗೆದು, ಮೊದಲು ಆ ಅಜ್ಜಿಯನ್ನು ನೋಡಬೇಕು ಎಂದಳು.

ಹೊನ್ನಕ್ಕನ ಮನೆ ಹೊಲದಿಂದ ದೂರ, ಕೆರೆ ಏರಿಯ ಕೆಳಗೆ. ಸೊಸೆ ನಂಜಮ್ಮ ಬಾಗಿಲಲ್ಲೇ ಸಿಕ್ಕಳು. ಕಂಪನಿಯವರೆಂದು ತಿಳಿದರೂ ಬಯ್ಯಲಿಲ್ಲ. ಒಳಗೆ ಕರೆದು ಚಾಪೆ ಹಾಕಿ, ತಾವು ಕುಡಿಯುವ ಲೋಟದಲ್ಲೇ ನೀರು ಕೊಟ್ಟಳು. ಹೊನ್ನಕ್ಕ ಗೋಡೆಗೊರಗಿ ಕೂತಿದ್ದಳು, ಸಣ್ಣ ದೇಹ, ಕೆಂಪಗೆ ನಿದ್ದೆಗೆಟ್ಟ ಕಣ್ಣು. ತೊಡೆಯ ಮೇಲೆ ಬಲಗೈ ತನ್ನಷ್ಟಕ್ಕೆ ತಾನು ಮುಷ್ಟಿ ಕಟ್ಟುತ್ತಿತ್ತು, ಬಿಚ್ಚುತ್ತಿತ್ತು. ಬೇಗ ಬೇಗ ಎರಡು ಸಲ, ಆಮೇಲೆ ಎಲ್ಲೋ ದಾರಿ ತಪ್ಪಿದಂತೆ ತಡೆದು ಒಂದು ಸಲ. ಏನನ್ನೋ ಹುಡುಕುವ ಕೈಯಂತಿತ್ತು. ಹೊನ್ನಕ್ಕ ಅದರ ಕಡೆ ನೋಡುತ್ತಿರಲಿಲ್ಲ, ಬೇರೆ ಯಾರದೋ ಮಗುವನ್ನು ತೊಡೆಯ ಮೇಲೆ ಇಟ್ಟುಕೊಂಡವಳ ಹಾಗೆ ಕೂತಿದ್ದಳು. ಮಳೆ ಬಂದು ನೆಲ ನೆಂದಿತ್ತಂತೆ. ಅಣ್ಣೆ ಸೊಪ್ಪು ಕಿತ್ತು ಕಂದಕ ಹತ್ತುವಾಗ ಜಾರಿ, ಆಸರೆಗೆಂದು ಕೈಗೆ ಸಿಕ್ಕಿದ್ದನ್ನು ಹಿಡಿದಳಂತೆ. ನಂಜಮ್ಮ ಹುಡುಕಿಕೊಂಡು ಹೋಗಿ ಒಣ ಸೌದೆಯಿಂದ ಹೊಡೆದು ಬಿಡಿಸುವ ಹೊತ್ತಿಗೆ ನೆರಳು ಆ ಕಡೆಯಿಂದ ಈ ಕಡೆಗೆ ಬಂದಿತ್ತಂತೆ. ನಡುವೆ ಬಿಡುವಿತ್ತಲ್ಲ ಅಜ್ಜಿ, ಕೈ ಕಿತ್ತುಕೊಳ್ಳಲಿಲ್ಲವೇ ಎಂಬ ಪ್ರಶ್ನೆ ಭಾನುಪ್ರಿಯಾಳ ಬಾಯಿಂದ ತಾನಾಗಿ ಹೊರಟಿತು. ಕೇಳಿದ ಮೇಲೆ ನಾಚಿಕೆಯಾಯಿತು.

"ಬಿಡ್ತಿತ್ತು ಕಣವ್ವ," ಎಂದಳು ಹೊನ್ನಕ್ಕ, ಅವಳಿಗೆ ಸಮಾಧಾನ ಹೇಳುವಂತೆ. "ಒಂದೊಂದ್ ಸಲವೂ ಬಿಡ್ತಿತ್ತು. ಇನ್ನು ಕೈ ತಗೀಬೇಕು ಅಂದ್ಕೊಳೋವಷ್ಟರಲ್ಲಿ ಇನ್ನೊಂದು ಬಂದ್ಬುಡೋದು."

ಆಗ ನಂಜಮ್ಮ ಹೇಳಿದ ಮಾತು ಅವಳಿಗೆ ಮೊದಲು ಅರ್ಥವಾಗಲಿಲ್ಲ. ಬೇಲಿಯನ್ನು ಮತ್ತೆ ಚಾಲೂ ಮಾಡಿಸಿ ಎಂದು ಅವಳು ಬೇಡುತ್ತಿದ್ದಳು. ಬಿದ್ದ ದಿನ ರಾತ್ರಿ ಬೇಲಿ ಇನ್ನೂ ಓಡುತ್ತಿತ್ತಂತೆ. ಕೈ ಒಂದೇ ಸಮ ಆಡುತ್ತಿತ್ತು, ಅತ್ತೆ ನಿದ್ದೆ ಮಾಡಿದಳು. ಮಾರನೆಯ ದಿನ ಪುಟ್ಟಸ್ವಾಮಿ ತಂತಿ ಕಿತ್ತರು; ಆ ಗಳಿಗೆಯಿಂದ ಕೈಗೆ ದಿಕ್ಕು ತಪ್ಪಿತು, ಅತ್ತೆ ಕಣ್ಣು ಮುಚ್ಚಿಲ್ಲ. ಬೇಲಿಗೂ ಇಲ್ಲಿಗೂ ಕೂಗಿದರೆ ಕೇಳದಷ್ಟು ದೂರ, ಅಲ್ಲಿಯದು ಇಲ್ಲಿಗೆ ಹೇಗೆ ತಿಳಿಯುತ್ತದೆ, ಅದೆಲ್ಲ ಮನಸ್ಸಿನದು ಎಂದು ಭಾನುಪ್ರಿಯಾ ಮೆಲ್ಲಗೆ ವಿವರಿಸಲು ತೊಡಗಿದಳು. ಹೇಳುತ್ತ ಹೇಳುತ್ತ ಅವಳ ಕಣ್ಣು ಆ ಕೈಯ ಮೇಲೆ ಬಿತ್ತು. ಕೈ ಸರಿಹೋಗಿತ್ತು. ಕಟ್ಟಿತು, ಬಿಚ್ಚಿತು, ಕಾಯಿತು. ಕಟ್ಟಿತು, ಬಿಚ್ಚಿತು, ಕಾಯಿತು. ಆ ಕಾಯುವಿಕೆ ಎಷ್ಟು ಉದ್ದವೆಂದು ಅವಳಿಗೆ ಗೊತ್ತಿತ್ತು. ಅದನ್ನು ಅವಳೇ ಬರೆದಿದ್ದಳು. ಹೊನ್ನಕ್ಕನ ರೆಪ್ಪೆ ಭಾರವಾಗಿ ಇಳಿಯಿತು, ತಲೆ ಗೋಡೆಗೆ ವಾಲಿತು. ನಂಜಮ್ಮ ಅತ್ತೆಯ ಮುಖ ನೋಡಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಗೂಡಿನಲ್ಲಿ ಒಂದು ರೇಡಿಯೊ ಇತ್ತು. ಬೇಲಿ ಓಡುವಾಗ ಸುತ್ತಲಿನ ರೇಡಿಯೊಗಳಲ್ಲಿ ಅದರ ಬಡಿತ ಕೇಳುತ್ತದೆ, ಗಿರಾಕಿಗಳು ದೂರುವುದುಂಟು. ಭಾನುಪ್ರಿಯಾ ಎದ್ದು, ಯಾವ ಸ್ಟೇಷನ್ನೂ ಇಲ್ಲದ ಕಡೆಗೆ ಮುಳ್ಳು ತಿರುಗಿಸಿ ಹಾಕಿದಳು. ಗೊರಗೊರ ಸದ್ದಿನ ನಡುವೆ, ಟಕ್. ಕೈ ಕಟ್ಟಿತು. ಟಕ್. ಕೈ ಕಟ್ಟಿತು. ಅಲ್ಲಿ ಹೊಲದಲ್ಲಿ ಕಾದು ಬೇಸತ್ತ ಪುಟ್ಟಸ್ವಾಮಿ ತಾವೇ ತಂತಿ ಸಿಕ್ಕಿಸಿದ್ದರು.

ಏರಿಯ ಮೇಲೆ ಅವಳು ಓಡಿದಳು. ಬೇಲಿಯ ಆಚೆ ಯಾರೋ ಹಸು ಕಟ್ಟುತ್ತಿದ್ದರು. ಈಗ ಯಾರು ಹಿಡಿದರೂ ಬಿಡಿಸುವ ಕಾವಲಿಲ್ಲ, ಕೆಂಪು ದೀಪವೊಂದು ಎಲ್ಲರಿಗೂ ಸರಿಯಿದೆ ಸರಿಯಿದೆ ಎಂದು ಕಣ್ಣು ಮಿಟುಕಿಸುತ್ತಿದೆ. ಪಂಪ್‌ಸೆಟ್ಟಿನ ಮನೆಗೆ ನುಗ್ಗಿ ತಂತಿ ಕಿತ್ತಳು, ಬ್ಯಾಟರಿ ಕಿತ್ತಳು, ಸ್ಕ್ರೂ ಬಿಚ್ಚಿ ಪೆಟ್ಟಿಗೆಯನ್ನೇ ಗೋಡೆಯಿಂದ ಇಳಿಸಿದಳು. ಪುಟ್ಟಸ್ವಾಮಿ ನಡುವೆ ಬಂದು, ರಾತ್ರಿ ಆನೆ ನುಗ್ಗಿದರೆ ನಷ್ಟವನ್ನು ನಿಮ್ಮ ಗಿರಿಧರ ಕಟ್ಟಿಕೊಡುತ್ತಾನಾ ಎಂದು ಕೇಳಿದರು. ಅವಳು ಪೆಟ್ಟಿಗೆಯನ್ನು ಕೆಳಗಿಡಲಿಲ್ಲ.

"ಇದು ಕೆಟ್ಟಿದೆ ಸಾರ್. ಬಡಿತ ಇದೆ, ಕಾವಲು ಸತ್ತೋಗಿದೆ. ಅಜ್ಜಿ ಹಿಡ್ಕೊಂಡಾಗಲೂ ಸತ್ತೇ ಇತ್ತು. ಇದನ್ನ ಬರೆದೋಳು ನಾನು."

ಅವರು ಕೊನೆಯ ಮಾತನ್ನು ಕೇಳಿಸಿಕೊಂಡರೋ ಇಲ್ಲವೋ. ನೀನೇನು ಬರೀತೀಯ, ನಿಮ್ಮ ಸಾಹೇಬರಿಗೆ ಫೋನ್ ಮಾಡ್ತೀನಿ ಎಂದು ಮನೆಯತ್ತ ಹೋದರು. ಪೆಟ್ಟಿಗೆಯನ್ನು ಎದೆಗವಚಿಕೊಂಡು ರಸ್ತೆಗೆ ಬಂದಾಗ ನಂಜಮ್ಮ ಎದುರು ನಿಂತಿದ್ದಳು. ಭಾನುಪ್ರಿಯಾ ಸತ್ಯವನ್ನು ಅವಳಿಗೂ ಹೇಳಿದಳು. ಇನ್ನೂ ಸರಿಯಾಗಿ, ಇನ್ನೂ ಉದ್ದವಾಗಿ ಹೇಳಿದಳು. ನಂಜಮ್ಮ ಕೇಳಿ, "ಈಗ್ತಾನೆ ಕಣ್ಣು ಮುಚ್ಚಿತ್ತು, ನಿಲ್ಸ್‌ಬುಟ್ರಲ್ಲ" ಎಂದಳು.

ಬಸ್ಸಿನಲ್ಲಿ ಪೆಟ್ಟಿಗೆ ತೊಡೆಯ ಮೇಲಿತ್ತು. ತಪ್ಪೊಪ್ಪಿಕೊಂಡರೆ ಹಗುರವಾಗುತ್ತದೆ ಎಂದು ಅವಳು ನಂಬಿದ್ದಳು. ಸಂಜೆ ಗಿರಿಧರರ ಮುಂದೆ ಮೂರನೆಯ ಸಲ ಅದೇ ಮಾತು ಹೇಳಿದಳು. ಅವರು ಸಿಟ್ಟಾಗಲಿಲ್ಲ, ಕನ್ನಡಕ ತೆಗೆದು ಒರೆಸಿದರು. ಅವತ್ತು ನೀನು ಹೇಳಿದ್ದೆ ಅಲ್ಲವಾ ಎಂದರು. ಹೌದು ಎನ್ನುವುದು ಸುಲಭವಿತ್ತು. ಗಟ್ಟಿಯಾಗಿ ಹೇಳಿರಲಿಲ್ಲ ಎಂದಳು. ಮಾರಿದ ಪೆಟ್ಟಿಗೆಗಳನ್ನೆಲ್ಲ ಗಿರಿಧರ, ಹೊಸ ಮಾದರಿ ಹಾಕಿಕೊಡುತ್ತೇವೆಂಬ ನೆಪದಲ್ಲಿ ಒಂದೊಂದಾಗಿ ತರಿಸಿಕೊಂಡರು. ಪುಟ್ಟಸ್ವಾಮಿಯವರದೂ ಸರಿಯಾಗಿ ವಾಪಸು ಹೋಯಿತು. ಕಾವಲು ನಿಂತರೆ ಈಗ ಬಡಿತವೂ ನಿಲ್ಲುತ್ತಿತ್ತು. ಆದರೆ ಊರವರು ಬೇಲಿಗೆ ಮತ್ತೆ ಕರೆಂಟು ಕೊಡಲು ಬಿಡಲಿಲ್ಲ, ಪೆಟ್ಟಿಗೆ ಪುಟ್ಟಸ್ವಾಮಿಯವರ ಅಟ್ಟ ಸೇರಿತು. ಇತ್ತ ಶೆಡ್ಡಿನಲ್ಲಿ ಊಟದ ಹೊತ್ತಿಗೆ ಭಾನುಪ್ರಿಯಾಳ ಕಣ್ಣೆದುರು ದಾರಿ ತಪ್ಪಿದ ಆ ಕೈ ಬಂದು ಕೂರುತ್ತಿತ್ತು.

ಅವಳು ಯಾರಿಗೂ ಹೇಳದೆ ಒಂದು ಸೋಪಿನ ಡಬ್ಬಿಯಲ್ಲಿ ಸಣ್ಣ ಚಿಪ್ಪು, ಹೊತ್ತು ಅಳೆಯಲು ಗಡಿಯಾರದಿಂದ ಬಿಚ್ಚಿದ ಹರಳು, ಟಾರ್ಚಿನ ಸೆಲ್ಲು, ಟಕ್ ಎನ್ನುವ ಒಂದು ರಿಲೇ ಇಟ್ಟಳು. ಇದರಲ್ಲಿ ಯೋಚಿಸುವುದು ಮಲಗಿರುತ್ತದೆ; ಟೈಮರು ಎಣಿಸುತ್ತ ಇದ್ದು, ಎಣಿಕೆ ತುಂಬಿದಾಗ ಅದನ್ನು ಎಬ್ಬಿಸಿ ಒಂದು ಬಡಿತ ಹಾಕಿಸಿ ಮತ್ತೆ ಮಲಗಿಸುತ್ತದೆ. ಮೊದಲ ಬಿಡುವು ಬೇಲಿಯದೇ ಬಿಡುವು. ಆಮೇಲೆ ಒಂದೊಂದು ಬಡಿತಕ್ಕೂ ಮುಂದಿನದು ಯಾರಿಗೂ ತಿಳಿಯದಷ್ಟು ತಡ. ಹೊನ್ನಕ್ಕನಿಗೆ ಅಂದು ಕಾವಲು ಕೊಡಬೇಕಾಗಿದ್ದ ಬಿಡುವನ್ನು ಈಗ ಎಳೆಎಳೆಯಾಗಿ ಕೊಡುವಂತೆ ಬರೆದಳು. ಎಲ್ಲಿ ನಿಲ್ಲಿಸಬೇಕೆಂದು ಬರೆಯಲಿಲ್ಲ. ಅಷ್ಟರೊಳಗೆ ಕೈ ಮರೆತಿರುತ್ತದೆ ಎಂದುಕೊಂಡಳು.

ಭಾನುವಾರ ಹೋಗಿ ಡಬ್ಬಿಯನ್ನು ಹೊನ್ನಕ್ಕನ ತಲೆದಿಂಬಿನ ಪಕ್ಕ ಇಟ್ಟಾಗ ಕೈ ಸ್ವಲ್ಪ ಹೊತ್ತು ಅನುಮಾನಿಸಿತು. ಆಮೇಲೆ ದಾರಿ ಸಿಕ್ಕ ದನದಂತೆ ಅದರ ಹಿಂದೆ ಹೊರಟಿತು. ಹೊನ್ನಕ್ಕ ಕೂತಲ್ಲೇ ನಿದ್ದೆಹೋದಳು. ನಂಜಮ್ಮ ಕೆಳದನಿಯಲ್ಲಿ ಊಟ ಮಾಡಿಕೊಂಡು ಹೋಗಿ ಎಂದಳು. ಭಾನುಪ್ರಿಯಾ ಮುದ್ದೆ ಮುರಿಯುತ್ತ ಆ ಬಡಿತಕ್ಕೆ ಸರಿಯಾಗಿ ತಾನು ನುಂಗುತ್ತಿರುವುದನ್ನು ಗಮನಿಸಿ, ಬೇಕೆಂದೇ ಒಂದು ತುತ್ತನ್ನು ಬಾಯಲ್ಲಿ ತಡೆದಿಟ್ಟುಕೊಂಡಳು.

ನಂಜಮ್ಮ ಕಾಯಿನ್ ಫೋನಿನಿಂದ ಆಗಾಗ ಶೆಡ್ಡಿಗೆ ಫೋನು ಮಾಡುತ್ತಿದ್ದಳು. ಅತ್ತೆ ನಿದ್ದೆ ಮಾಡುತ್ತಿದ್ದಾಳೆ. ಕೈ ನಿಧಾನವಾಗಿದೆ. ಅನ್ನ ಕಲಸಿಕೊಳ್ಳುವಷ್ಟು ಹೊತ್ತು ಸುಮ್ಮನಿರುತ್ತದೆ. ಹೂ ಕಟ್ಟುತ್ತಾಳೆ. ಕೊನೆಗೆ ಒಂದು ದಿನ, ಕೈ ನಿಂತಂತೆಯೇ ಎಂದಳು. ಭಾನುಪ್ರಿಯಾ ಫೋನಿಟ್ಟು ಹಿತ್ತಲಿಗೆ ಹೋಗಿ ಮುಖ ತೊಳೆದುಕೊಂಡಳು, ಅಳುತ್ತಿದ್ದೇನೆಂದು ಆಮೇಲೆ ತಿಳಿಯಿತು. ಆದರೆ ಮತ್ತೆ ಫೋನು ಬಂತು. ಅತ್ತೆ ಜಗಲಿ ಬಿಟ್ಟು ಏಳುತ್ತಿಲ್ಲ, ಒಮ್ಮೆ ಬಂದು ಹೋಗಿ ಎಂದಳು ನಂಜಮ್ಮ.

ಹೋದಾಗ ಇಳಿಹೊತ್ತು. ಹೊನ್ನಕ್ಕ ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದಳು. ಮೈ ತುಂಬಿಕೊಂಡಿತ್ತು, ಮುಖದಲ್ಲಿ ಕಳೆಯಿತ್ತು. ಬಲಗೈ ಅಂಗೈ ಮೇಲಾಗಿ ತೊಡೆಯ ಮೇಲೆ ಬಿಚ್ಚಿಕೊಂಡಿತ್ತು, ಅಲುಗದೆ. ಪಕ್ಕದಲ್ಲಿ ಸೋಪಿನ ಡಬ್ಬಿ. ಭಾನುಪ್ರಿಯಾ ಎದುರು ಕೂತು ಆ ಕೈಯನ್ನು ಮುಟ್ಟಿದಳು. ಬೆಚ್ಚಗಿತ್ತು, ಮೃದುವಾಗಿತ್ತು, ನರ ಯಾವುದೂ ಸೆಟೆದಿರಲಿಲ್ಲ. ವಾಸಿಯಾಗಿದೆಯಲ್ಲ ಅಜ್ಜಿ, ಎದ್ದು ಓಡಾಡಬಾರದೇ ಎಂದಳು. ಹೊನ್ನಕ್ಕ ತಲೆಯಾಡಿಸಿದಳು.

"ಇನ್ನೊಂದು ಬರೋದೈತೆ."

ಬೆಳಿಗ್ಗೆ ಒಂದು ಬಂದಿತ್ತಂತೆ, ನಂಜಮ್ಮ ಕಸ ಗುಡಿಸುವಾಗ. ಇನ್ನೊಂದು ಬರುವ ತನಕ ಏಳುವಂತಿಲ್ಲ. ಎದ್ದು ಕೆಲಸದಲ್ಲಿರುವಾಗ ಬಂದುಬಿಟ್ಟರೆ, ಮಚ್ಚು ಹಿಡಿದಿರುವಾಗ, ಮಗು ಎತ್ತಿಕೊಂಡಿರುವಾಗ? ಮೊದಲಾದರೆ ಇದೋ ಬಂತು ಇದೋ ಹೋಯಿತು ಎಂದಿರುತ್ತಿತ್ತು, ಈಗ ಹೊತ್ತೇ ತಿಳಿಯುವುದಿಲ್ಲ ಎಂದು ಹೊನ್ನಕ್ಕ ದೂರಿಲ್ಲದ ದನಿಯಲ್ಲಿ ವಿವರಿಸಿದಳು. ಭಾನುಪ್ರಿಯಾಳ ಚೀಲದಲ್ಲಿ ಸ್ಕ್ರೂಡ್ರೈವರು ಇತ್ತು. ಸೆಲ್ಲು ಕಿತ್ತರೆ ಮುಗಿಯಿತು. ತೆಗೆದು ಡಬ್ಬಿಗೆ ಕೈ ಹಾಕಿದಾಗ ಹೊನ್ನಕ್ಕನ ಬಲಗೈ ಬಂದು ಅವಳ ಮಣಿಕಟ್ಟನ್ನು ಹಿಡಿಯಿತು. ಯಾವ ಬಡಿತವೂ ಇಲ್ಲದೆ, ತಾನೇ ಬೇಕೆಂದು ಹಿಡಿದ ಹಿಡಿತ.

"ತಗೀಬ್ಯಾಡ ಕಣವ್ವ. ಆಮ್ಯಾಕೆ ಯಾವಾಗ ಬತ್ತದೆ ಅಂತ ಹೆಂಗೆ ಕಾಯನ? ಇರು, ಕೂತ್ಕೊ. ಬತ್ತದೆ."

ಅವಳು ಕೂತಳು. ಏರಿಯ ಮೇಲೆ ದನ ಬಂದವು. ನಂಜಮ್ಮ ಒಳಗಿಂದ ಕಾಫಿಗೆ ಕರೆದಳು, ಇಬ್ಬರೂ ಏಳಲಿಲ್ಲ. ಎಣಿಕೆ ಎಲ್ಲಿಗೆ ಬಂದಿರಬಹುದೆಂದು ಲೆಕ್ಕ ಹಾಕಲು ನೋಡಿದಳು, ಆಗಲಿಲ್ಲ. ಡಬ್ಬಿಯೊಳಗೆ ಅದು ಯಾರನ್ನೂ ಕೇಳದೆ ಎಣಿಸುತ್ತಿತ್ತು. ಬೆಳಕು ಕೆಂಪಾಗಿ ತೆಳುವಾಗುತ್ತ ಬಂತು. ಹೊನ್ನಕ್ಕ ಹಿಡಿದಿದ್ದ ಕೈಯನ್ನು ಬಿಟ್ಟು ಮತ್ತೆ ತೊಡೆಯ ಮೇಲೆ ಬಿಚ್ಚಿಟ್ಟುಕೊಂಡಳು.

ಟಕ್.

ಮುದುಕಿಯ ಮುಷ್ಟಿ ಕಟ್ಟಿತು, ಬಿಚ್ಚಿತು. "ಸದ್ಯ," ಎಂದು ಉಸಿರು ಬಿಟ್ಟು, ಮೊಣಕಾಲಿಗೆ ಕೈಯೂರಿ ಎದ್ದು, ಸೆರಗು ಕೊಡವಿಕೊಂಡು, ಹುಡುಗಿಯಂತೆ ಹಗುರಾಗಿ ಒಳಗೆ ಹೋದಳು. ಒಲೆಗೆ ಸೌದೆ ಒಟ್ಟುತ್ತ ಅವಳು ಸೊಸೆಯೊಡನೆ ಏನೋ ಹೇಳಿ ನಗುವುದು ಕೇಳಿಸಿತು. ಭಾನುಪ್ರಿಯಾ ಜಗಲಿಯಲ್ಲೇ ಕೂತಿದ್ದಳು. ತನ್ನ ಬಲಗೈಯನ್ನು ನೋಡಿಕೊಂಡಳು. ಸ್ಕ್ರೂಡ್ರೈವರನ್ನು ಹಿಡಿದು ಅದು ಬಿಗಿಯಾಗಿ ಮುಚ್ಚಿಕೊಂಡಿತ್ತು, ಬೆರಳ ಗೆಣ್ಣು ಬಿಳುಪಾಗುವಷ್ಟು. ಬಿಚ್ಚಬೇಕೆಂದುಕೊಂಡಳು. ಒಳಗಿನಿಂದ ಮತ್ತೆ ಕಾಫಿಗೆ ಕರೆದರು. ಬಂದೆ ಎಂದಳು, ಮತ್ತು ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಅದು ಬಿಚ್ಚುವುದನ್ನು ಕಾಯತೊಡಗಿದಳು.